ಕಿರುಗಾವಲು ಲೈನಿನ ಹುಡುಗ

ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ನಾನು ಚೊಚ್ಚಲ ಹೆರಿಗೆಗೆಂದು ಮದ್ದೂರಿನಿಂದ ಮಳವಳ್ಳಿಯ ತವರಿಗೆ ಬಂದೆ. ನನಗಾಗ ಹತ್ತೊಂಬತ್ತು. ಮಗ ಹುಟ್ಟಿದ. ಕಪ್ಪಗೆ, ಸುಕ್ಕುಸುಕ್ಕಾಗಿ, ಅಳು ಶುರುವಿಟ್ಟರೆ ಬೀದಿಯ ಆ ಕೊನೆಗೆ ಕೇಳುವ ಹಾಗಿದ್ದ. ನಿಜ ಹೇಳುತ್ತೇನೆ, ಮೊದಲ ವಾರ ನನಗೇ ಅವನು ಅಷ್ಟೇನೂ ಚೆನ್ನಾಗಿ ಕಂಡಿರಲಿಲ್ಲ. ಅಪ್ಪನಿಗೆ ಮಾತ್ರ ಅಂಥ ಮಗು ಮೈಸೂರು ಸೀಮೆಯಲ್ಲೇ ಇರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೆತ್ತವಳಿಗಿಂತ ಹೆತ್ತವಳ ಅಪ್ಪನಿಗೆ ಹೆಗ್ಗಣ ಹೆಚ್ಚು ಮುದ್ದಾಗಿತ್ತು. ದಿನಾ ಕೆಲಸಕ್ಕೆ ಹೋಗುವ ಮೊದಲು ಮಗುವನ್ನು ಎತ್ತಿಕೊಂಡು ಹಿತ್ತಿಲ ಎಳೆಬಿಸಿಲಿನಲ್ಲಿ ನಿಲ್ಲುತ್ತಿದ್ದ. ಅದರ ಜೊತೆ ಮಳೆ ಬೆಳೆಯ ಮಾತೆಲ್ಲ ಆಡಿ, ಆಮೇಲೇ ಅಂಗಿ ತೊಡುತ್ತಿದ್ದ.

ಅಪ್ಪನ ಕೆಲಸ ಊರ ಹೊರಗಿನ ಸ್ವಿಚ್ ಮನೆಯಲ್ಲಿ. ಜನ ಅದನ್ನು ಕರೆಂಟ್ ಮನೆ ಎನ್ನುತ್ತಿದ್ದರು. ಬ್ಲಫ್ ಎನ್ನುವ ಕಡೆ ಹೊಳೆಯ ನೀರಿನಿಂದ ತೆಗೆದ ಕರೆಂಟು ಅಲ್ಲಿ ಕವಲೊಡೆದು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿತ್ತು. ಒಂದೊಂದು ಲೈನಿಗೆ ಒಂದೊಂದು ಕಬ್ಬಿಣದ ಹಿಡಿಕೆ. ಲೈನಿನಲ್ಲಿ ಏನಾದರೂ ತೊಡಕಾದರೆ ಹಿಡಿಕೆ ತಾನಾಗಿಯೇ ಧಡ್ ಎಂದು ಕೆಳಕ್ಕೆ ಬಿದ್ದು ಗಂಟೆ ಬಾರಿಸುತ್ತಿತ್ತು. ಆಗ ಎರಡು ನಿಮಿಷ ಕಾಯಬೇಕು, ಹಿಡಿಕೆಯನ್ನು ಒಂದೇ ಒಂದು ಸಲ ಮೇಲಕ್ಕೆ ತಳ್ಳಿ ನೋಡಬೇಕು. ನಿಂತರೆ ಸರಿ. ಮತ್ತೆ ಬಿದ್ದರೆ ಮುಟ್ಟದೆ ಬಿಟ್ಟು ಲೈನ್‌ಮ್ಯಾನಿಗೆ ಫೋನು ಮಾಡಬೇಕು. ಅದು ಅಲ್ಲಿಯ ನಿಯಮ. ಹತ್ತರಲ್ಲಿ ಒಂಬತ್ತು ಸಲ ಹಿಡಿಕೆ ನಿಲ್ಲುತ್ತಿತ್ತು, ಯಾಕೆಂದರೆ ತೊಡಕು ಮಾಡಿದ್ದು ಬಾವಲಿಯೋ ಕೋತಿಯೋ ಆಗಿರುತ್ತಿತ್ತು, ಅದು ಅಷ್ಟರಲ್ಲಿ ಸತ್ತು ಕೆಳಗೆ ಬಿದ್ದಿರುತ್ತಿತ್ತು. ಅಪ್ಪ ಪುಸ್ತಕದಲ್ಲಿ 'ಕೋತಿ' ಎಂದು ಬರೆದು ಬೀಡಿ ಹಚ್ಚುತ್ತಿದ್ದ.

ನಮ್ಮ ಮನೆ ಅದೇ ಆವರಣದಲ್ಲಿ. ಬಾಣಂತಿ ಕೋಣೆಯಲ್ಲಿ ಮಲಗಿದ್ದರೂ ಆ ಗಂಟೆ, ಆ ಹಿಡಿಕೆಯ ಸದ್ದು ನನಗೆ ಕೇಳುತ್ತಿತ್ತು.

ಆ ವರ್ಷ ವಿಮಾನ ಓಡಿಸಲು ಕಲಿಯುವ ಹುಡುಗರು ನಮ್ಮ ಕಡೆ ದಿನಾ ಹಾರಾಡುತ್ತಿದ್ದರು. ಎರಡು ಅಂತಸ್ತಿನ ರೆಕ್ಕೆಯ ಸಣ್ಣ ವಿಮಾನಗಳು. ಯುದ್ಧಕ್ಕೆ ಕಳಿಸುವ ಮೊದಲು ಅವರನ್ನು ನಮ್ಮ ಹೊಲಗಳ ಮೇಲೆ ತಿದ್ದುತ್ತಿದ್ದರೋ ಏನೋ. ಕೆಲವರು ಎಷ್ಟು ಕೆಳಗೆ ಬರುತ್ತಿದ್ದರೆಂದರೆ ಹೊಲದಲ್ಲಿದ್ದ ಹೆಂಗಸರು ಸೆರಗು ಹಿಡಿದುಕೊಳ್ಳಬೇಕಾಗುತ್ತಿತ್ತು. ಮಗು ಬೆಚ್ಚಿ ಎದ್ದರೆ ಅವ್ವ ಸೂರು ನೋಡಿಕೊಂಡು ಬೈಯುತ್ತಿದ್ದಳು.

"ಮನಗಿರೋ ಕೂಸ್ನ ಎಬ್ಬುಸ್ತಾವೆ. ಇವ್ರವ್ವದೀರು ಇವಕ್ಕೆ ಬುದ್ಧಿ ಏಳ್ಕೊಟ್ಟಿಲ್ವಾ?"

ಮಗುವಿಗೆ ಹದಿನಾಲ್ಕನೆಯ ದಿನ. ಹೊತ್ತು ಇನ್ನೂ ಏರಿರಲಿಲ್ಲ. ಒಂದು ವಿಮಾನ ಕಿರುಗಾವಲಿನ ಕಡೆಗೆ ತೀರ ಕೆಳಗೆ ಹೋಯಿತು. ಸದ್ದು ದೂರವಾಗುತ್ತಿದ್ದ ಹಾಗೆಯೇ ಸ್ವಿಚ್ ಮನೆಯ ಗಂಟೆ ಹೊಡೆಯಿತು. ಅಪ್ಪ ಎಂದಿನಂತೆ ಕಾದ, ಎಂದಿನಂತೆ ಹಿಡಿಕೆ ತಳ್ಳಿದ. ಅದು ಮರುಕ್ಷಣವೇ ಧಡ್ ಎಂದು ಬಿದ್ದು ಗಂಟೆ ಮತ್ತೆ ಹೊಡೆದುಕೊಂಡಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವ್ವ ನನಗೆ ಬೆಳ್ಳುಳ್ಳಿ ಸಾರು ಬಡಿಸುತ್ತಿದ್ದಾಗ ಅಪ್ಪ ಬಾಗಿಲಲ್ಲಿ ಬಂದು ನಿಂತ.

"ಇಮಾನ ಬಿದ್ದದಂತೆ. ನಮ್ ಲೈನ್ ಮ್ಯಾಲೆ" ಎಂದ. ಸೈಕಲ್ಲು ಹತ್ತಿ ಹೊರಟುಹೋದ.

ಫೋನು ಮಾಡಿದ್ದು ಆ ಲೈನಿನ ಲೈನ್‌ಮ್ಯಾನ್, ಕಿರುಗಾವಲಿನ ಒಬ್ಬರು ಮುಸಲ್ಮಾನರು, ಎಲ್ಲರ ಬಾಯಲ್ಲೂ ಸಾಹೇಬರು, ಅಪ್ಪನಿಗಿಂತ ಹಿರಿಯರು. ಅವರು ಕಂಡದ್ದು, ಅಪ್ಪ ಹೋಗಿ ನೋಡಿದ್ದು ಎರಡನ್ನೂ ಸೇರಿಸಿ ನಾನು ಹೇಳುತ್ತಿದ್ದೇನೆ. ವಿಮಾನದ ಚಕ್ರ ತಂತಿಗೆ ಸಿಕ್ಕಿ, ಅದು ಮಗುಚಿ ಹುರುಳಿ ಹೊಲಕ್ಕೆ ಬಿದ್ದಿತ್ತು. ಅದರಲ್ಲಿ ಇದ್ದವನು ಒಬ್ಬನೇ. ಹೊರಕ್ಕೆ ಸಿಡಿದು ಬದುವಿನ ಪಕ್ಕ ಬಿದ್ದಿದ್ದ. ಹರಿದ ತಂತಿ ಅವನ ಎದೆಯ ಮೇಲೆ ಹಾದು ಮಲಗಿತ್ತು. ಮುಖದಲ್ಲಿ ಒಂದು ಗೀರೂ ಇರಲಿಲ್ಲವಂತೆ. ಮೀಸೆ ಈಗಷ್ಟೇ ಮೂಡುತ್ತಿತ್ತು. ಒಂದು ಕಾಲಿನ ಬೂಟು ಕಳಚಿಹೋಗಿತ್ತು. ಬೂದು ಬಣ್ಣದ ಕಾಲುಚೀಲದ ಹೆಬ್ಬೆರಳಿನ ತೂತನ್ನು ಯಾರೋ ಹಸಿರು ದಾರದಲ್ಲಿ ಹೊಲಿದಿದ್ದರು.

ಸಂಜೆಯೊಳಗೆ ಮಿಲಿಟರಿ ಲಾರಿ ಬಂತು. ಅವನನ್ನೂ ಒಯ್ದರು, ವಿಮಾನದ ಚೂರುಗಳನ್ನೂ ಒಯ್ದರು. ಹೆಸರು ಹೇಳಲಿಲ್ಲ. ಯಾವ ಊರಿನವನೆಂದು ಕೇಳಿದ್ದಕ್ಕೆ ಯುದ್ಧದ ವಿಷಯ, ಕೇಳಬಾರದು ಎಂದರು. ಗೋಧಿ ಬಣ್ಣವಾಗಿದ್ದನಂತೆ, ಪಂಜಾಬಿನವನು ಎಂದರು ಕೆಲವರು, ಕೊಡಗಿನವನು ಎಂದರು ಕೆಲವರು. ಕೊನೆಗೆ ನಮ್ಮ ಮನೆಯಲ್ಲಿ ಅವನಿಗೆ ಉಳಿದ ಹೆಸರು 'ಕಿರುಗಾವಲು ಲೈನಿನ ಹುಡುಗ' ಎಂದಷ್ಟೇ.

ಅಪ್ಪ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡ. ಮಗು ಅಳುತ್ತಿತ್ತು, ಎತ್ತಿಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆಯೂ ಎತ್ತಿಕೊಳ್ಳಲಿಲ್ಲ. ನಮಗೆ ಅದು ಮೊದಲು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಕಡೆ ಹೆಣ ಮುಟ್ಟಿದವರು ಒಂದು ತಿಂಗಳು ಹಸುಗೂಸನ್ನು ಮುಟ್ಟುವುದಿಲ್ಲ, ಬಾಣಂತಿ ಇರುವ ಮನೆಯ ಹೊಸಿಲು ದಾಟುವುದಿಲ್ಲ. ಎಷ್ಟು ಸಲ ಮಿಂದಿದ್ದರೂ ಅಷ್ಟೇ, ಕೂಸಿಗೆ ಸೋಕುತ್ತದೆ ಎಂದು. ನನ್ನ ಸೋದರಮಾವ ಯಾರದೋ ಚಟ್ಟಕ್ಕೆ ಹೆಗಲು ಕೊಟ್ಟಿದ್ದನೆಂದು ಬೀದಿಯಲ್ಲೇ ನಿಂತು ಮಾತಾಡಿಸಿ ಹೋಗಿದ್ದ. ಹಾಗಾಗಿ ಅವ್ವ ಕೇಳಿದಳು.

"ನೀನೇನಾರ ಎಣ ಮುಟ್ದಾ?"

"ಇಲ್ಲ. ಕೋಲಲ್ಲಿ ತಂತಿ ಎತ್ತಿದ್ದು ಅಷ್ಟೇಯ."

"ಮತ್ತೆ ಕೂಸ್ನ ಎತ್ಕಳಕ್ಕೇನು ದಾಡಿ?"

ಅಪ್ಪ ತನ್ನ ಬಲಗೈ ನೋಡಿಕೊಂಡ. "ಎಲ್ಡು ನಿಮಿಸ ಆದ್ಮೇಲೆ ಇಡಿಕೆ ತಳ್ದೋನು ನಾನು. ಆಗ ಆ ಉಡ್ಗ ಬದುಕಿದ್ನೋ ಇಲ್ವೋ, ನಂಗೊತ್ತಿಲ್ಲ" ಎಂದ.

ಆಗ ನಮಗೆ ತಿಳಿಯಿತು. ಬಿದ್ದ ಏಟಿಗೇ ಸತ್ತನೋ, ಇಲ್ಲಾ ಆ ಎರಡು ನಿಮಿಷ ಉಸಿರಾಡುತ್ತಾ ಬಿದ್ದಿದ್ದವನ ಎದೆಯ ಮೇಲಿನ ತಂತಿಗೆ ಅಪ್ಪ ಕರೆಂಟು ಬಿಟ್ಟನೋ, ಅದನ್ನು ಹೇಳುವವರು ಯಾರೂ ಇರಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಪುಸ್ತಕ ನೋಡಿ, ಗಡಿಯಾರ ನೋಡಿ, ನಿಯಮದಂತೆಯೇ ನಡೆದಿದೆ, ನಿಮ್ಮ ತಪ್ಪೇನೂ ಇಲ್ಲ ಎಂದು ಬರೆದುಕೊಟ್ಟ. ಆದರೆ ಅಪ್ಪ ಕೇಳಿದ್ದು ತಪ್ಪು ಯಾರದೆಂದಲ್ಲ, ಹುಡುಗ ಬದುಕಿದ್ದನಾ ಎಂದು. ಅದಕ್ಕೆ ಆ ಪುಣ್ಯಾತ್ಮ ಅಪ್ಪನ ಭುಜ ತಟ್ಟಿ ಜೀಪು ಹತ್ತಿದ.

ಅಪ್ಪ ಕೆಲಸಕ್ಕೆ ಹೋಗುತ್ತಿದ್ದ, ಆದರೆ ಹಿಡಿಕೆ ಮುಟ್ಟುತ್ತಿರಲಿಲ್ಲ. ಜೊತೆಯವನು ನಾಲ್ಕು ದಿನ ಅವನ ಪಾಲಿನದನ್ನೂ ನೋಡಿಕೊಂಡ, ಐದನೆಯ ದಿನ ಗೊಣಗಿದ. ಎರಡು ಮುದ್ದೆ ಉಣ್ಣುತ್ತಿದ್ದವನು ತಟ್ಟೆಯ ಮುಂದೆ ಕೂತು ಸಾರಿನಲ್ಲಿ ಬೆರಳಾಡಿಸಿ ಏಳುತ್ತಿದ್ದ. ಮಗು ಅತ್ತರೆ ಹೊರಗೆ ಹೋಗುತ್ತಿದ್ದ. ಹಸಿರು ದಾರದ ಕಾಲುಚೀಲದ ಮಾತನ್ನು ಎರಡು ಮೂರು ಸಲ ಹೇಳಿದ. ಅವ್ವ ಬೈದಳು, ಅತ್ತಳು, ಬೆಳಕವಾಡಿಯ ಕಡೆಯಿಂದ ಯಂತ್ರ ಕಟ್ಟುವವನನ್ನು ಕರೆಸಿದಳು. ಯಂತ್ರದವನನ್ನು ನೋಡಿ ಅಪ್ಪ, ಕರೆಂಟಿನವನ ಮನೆಗೆ ತಾಯಿತದವನು ಬಂದನಾ ಎಂದು ಒಂದು ಸಲ ನಕ್ಕ. ಆ ವಾರದಲ್ಲಿ ನಕ್ಕಿದ್ದು ಅದೊಂದೇ ಸಲ. ಕೆಲಸ ಬಿಟ್ಟುಬಿಡುತ್ತೇನೆ, ಊರಿಗೆ ಹೋಗಿ ಎಮ್ಮೆ ಕಾಯುತ್ತೇನೆ ಎಂದು ಅವನು ಹೇಳಿದ ದಿನ ನಾನು ಮಗುವನ್ನು ಅವಚಿಕೊಂಡು ಅತ್ತೆ. ಅವನು ಹೀಗೇ ಕರಗಿಹೋಗುತ್ತಾನೆ ಅನ್ನಿಸಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ ಒಬ್ಬಳು ಹೆಂಗಸು ಬಂದಳು. ಐವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮೈ, ಮಾಸಿದ ಸೀರೆ, ಕಂಕುಳಲ್ಲಿ ಒಂದು ಕಟ್ಟು ಸಬ್ಬಸಿಗೆ ಸೊಪ್ಪು. ವಿಮಾನ ಬಿದ್ದ ಹೊಲದ ಪಕ್ಕದ ಹಳ್ಳಿಯವಳು, ಆಡು ಮೇಯಿಸುವವಳು. ಐದು ಮೈಲಿ ನಡೆದು ಬಂದಿದ್ದಳು. ಅವ್ವ ಒಳಗೆ ಬಾ ಎಂದರೆ ಜಗಲಿಯಲ್ಲೇ ಕೂತು ನೀರು ಕೇಳಿ ಕುಡಿದಳು. ಅವಳ ಮಾತೆಲ್ಲ ನನಗೆ ಕೋಣೆಯ ಕಿಟಕಿಯಿಂದ ಕೇಳುತ್ತಿತ್ತು.

"ಕರೆಂಟ್ ಯಜಮಾನ್ರು ನೀವೇಯಾ? ನಿಮ್ ಲೈನ್ ಸಾಯೇಬ್ರು ನಮ್ಮೂರ್ ಬಾವಿತಾವ ಏಳ್ತಿದ್ರು, ನೀವು ಅನ್ನ ನೀರು ಬುಟ್ಟಿದೀರಿ ಅಂತ. ಅದ್ಕೇ ಬಂದೆ. ಅವತ್ತು ನಾನಲ್ಲೇ ಆಡು ಬುಟ್ಕೊಂಡಿದ್ದೆ."

ಅಪ್ಪ ಎದ್ದು ನಿಂತ.

"ಬೀಳ್ತಿದ್ದಂಗೇ ಓಡೋದೆ ಕನ್ರಪ್ಪ. ಆ ಮಗೀನ ತಲೆ ತೊಡೆ ಮ್ಯಾಲೆ ಆಕ್ಕಂಡೆ. ಮೂಗಿನ್ತಾವ ಕೈ ಇಟ್ಟೆ. ಉಸ್ರಿಲ್ಲ. ಬಿದ್ದೇಟ್ಗೇ ಓಗ್ಬುಟ್ಟಿದ್ದ. ಆಮೇಲೆ ಎಸ್ಟೊತ್ಗೋ ಆ ತಂತಿ ಚಟಚಟ ಅಂತು. ನೀವು ಕರೆಂಟ್ ಬುಟ್ಟಿದ್ದು ಎಣಕ್ಕೆ ಯಜಮಾನ್ರೇ, ಜೀವುಕ್ಕಲ್ಲ."

"ತಂತಿ ಚಟಚಟ ಅಂದಾಗ ಅವನ ತಲೆ ನಿನ್ ತೊಡೆ ಮ್ಯಾಲೇ ಇತ್ತಾ?" ಅಪ್ಪ ಕೇಳಿದ.

"ಊಂ, ತೊಡೆ ಮ್ಯಾಲೇ ಇತ್ತು. ಸಾಯೇಬ್ರು ದೂರದಲ್ಲಿ ಕಾಣಗಂಟ ಇಂಗೇ ಕೂತಿದ್ದು, ಆಮೇಲೆ ಆಡಿನ್ತಾವ ಓಡೋದೆ."

ಅಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, "ಇವಳಿಗೆ ಊಟಕ್ಕಿಕ್ಕು. ನಂಗೂ ಇಕ್ಕು" ಎಂದ.

ಅವ್ವ ಕಣ್ಣು ಒರೆಸಿಕೊಳ್ಳುತ್ತಾ ಒಲೆಯ ಹತ್ತಿರ ಓಡಿದಳು. ಅಷ್ಟರಲ್ಲಿ ಮಗು ಎದ್ದು ರಾಗ ತೆಗೆಯಿತು. ಆ ಹೆಂಗಸು, ಅಷ್ಟು ಹೊತ್ತು ಜಗಲಿಯಲ್ಲಿ ಕೂತಿದ್ದವಳು, ಮಗುವಿನ ಅಳು ಕೇಳಿದ್ದೇ ಎದ್ದು ನೆಟ್ಟಗೆ ನನ್ನ ಕೋಣೆಗೆ ಬಂದಳು. "ಅಯ್ಯ, ಒಟ್ಟೆ ನೋವಲ್ವಾ ಇದಕ್ಕೆ" ಎಂದು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದಳು. ಮಗು ತೇಗಿ ಸುಮ್ಮನಾಯಿತು.

ಅವ್ವ ಹಿಟ್ಟಿನ ಕೋಲು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನದು. ಇಬ್ಬರಿಗೂ ಒಂದೇ ಸಲ ಹೊಳೆದಿತ್ತು. ಒಂಬತ್ತು ದಿನದ ಹಿಂದೆ ಸತ್ತವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ಹೀಗೆ ಹಸುಗೂಸನ್ನು ಎತ್ತುತ್ತಾಳೆಯೇ? ನಮ್ಮ ಸೀಮೆಯಲ್ಲಿ ಹುಟ್ಟಿ, ಮಕ್ಕಳನ್ನು ಹೆತ್ತ ಯಾವ ಹೆಂಗಸೂ ಎತ್ತುವುದಿಲ್ಲ. ಮಗು ಅತ್ತ ಗಡಿಬಿಡಿಯಲ್ಲಿ ತಾನು ಹೇಳಿದ ಕತೆಯನ್ನು ಪಾಪ ಅವಳೇ ಮರೆತಿದ್ದಳು. ಅವಳು ಆ ಹುಡುಗನನ್ನು ಮುಟ್ಟಿಯೇ ಇರಲಿಲ್ಲ.

ಅವ್ವ ಆ ಹೆಂಗಸಿಗೆ ಹಬ್ಬದ ದಿನ ತೆಗೆಯುವ ಕಂಚಿನ ತಟ್ಟೆ ಇಟ್ಟಳು.

ಊಟಕ್ಕೆ ಕರೆದಾಗ ಆ ಹೆಂಗಸಿನ ಕೈಯಲ್ಲಿ ಮಗು. ಎದುರಿಗೆ ಇದ್ದವನು ಅಪ್ಪ. "ಇಡ್ಕಳಿ ವಸಿ, ಕೈ ತೊಳ್ಕಬತ್ತೀನಿ" ಎಂದು ಮಗುವನ್ನು ಅವನ ಕಡೆ ಚಾಚಿದಳು. ಅವನು ಹಿಡಿಯುತ್ತಾನೋ ಇಲ್ಲವೋ ಎಂದು ನೋಡಲೂ ಇಲ್ಲ, ಬಿಟ್ಟೇಬಿಟ್ಟಳು. ಅಪ್ಪ ಹಿಡಿದುಕೊಂಡ. ಅವಳು ಕೈ ತೊಳೆದು, ಕೂತು, ನಿಧಾನವಾಗಿ ಮುದ್ದೆ ಮುರಿದು ಉಂಡು ಏಳುವವರೆಗೂ ಹಿಡಿದುಕೊಂಡೇ ಇದ್ದ. ಅವನ ಮುದ್ದೆ ತಣ್ಣಗಾಯಿತು. ಆಮೇಲೆ ಎರಡೂ ಮುದ್ದೆ ಉಂಡ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ ನಮ್ಮಲ್ಲಿ. ಮದುವೆ ಮಾಡಿಸಿದವರಿಗೆ ಬಾಯಿ ಸಿಹಿಯಾದರೂ ಆಗುತ್ತದೆ. ಇವಳಿಗೆ ಏನಿತ್ತು? ನಾವು ಅವಳ ಜಾತಿಯಲ್ಲ, ಊರಲ್ಲ. ಅಪ್ಪನ ಮುಖವನ್ನೇ ಅವಳು ನೋಡಿರಲಿಲ್ಲ. ಬಾವಿಯ ಹತ್ತಿರ ಒಂದು ಮಾತು ಕಿವಿಗೆ ಬಿತ್ತು, ಎದ್ದು ನಡೆದು ಬಂದಳು. ಅವಳಿಗೆ ನಾನು ಋಣಿ. ದೇವರ ಮುಂದೆ ಕೈ ಮುಗಿದಾಗ ಇವತ್ತಿಗೂ ಮೊದಲು ನೆನಪಾಗುವುದು ಅವಳು, ದೇವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅವಳು ಹೋದ ಮೇಲೆ ಅವ್ವ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಹೇಳಿದಳು: "ಇದು ನಿನ್ನಲ್ಲಿ ನನ್ನಲ್ಲಿ. ನಿಮ್ಮಪ್ಪ ಗಂಡ್ಸು, ಈ ಸಾಸ್ತ್ರವೆಲ್ಲ ಅವ್ನ ತಲೇಗೆ ಒಳೆಯಲ್ಲ. ಒಳೆಯೋದೂ ಬ್ಯಾಡ." ನನಗೂ ಅದೇ ಭಯವಿತ್ತು. ಅವಳು ಮಗುವನ್ನು ಮುಟ್ಟಿದಳೆಂಬ ಮಾತನ್ನೇ ನಾವು ಆಮೇಲೆ ಅಪ್ಪನ ಎದುರಿಗೆ ಆಡಲಿಲ್ಲ. ಪಕ್ಕದ ಮನೆಯವಳು ಒಮ್ಮೆ, ಹೆಣ ಮುಟ್ಟಿದವಳನ್ನು ಒಳಗೆ ಬಿಟ್ಟಿರಲ್ಲ ಎಂದು ಶುರುಮಾಡಿದಾಗ ಅವ್ವ ಅವಳ ಬಾಯಿ ಮುಚ್ಚಿಸಿದ ಚಂದ ನೋಡಬೇಕಿತ್ತು. ಅವಳ ಅತ್ತೆಯ ಕಾಲದ ಜಗಳವನ್ನೆಲ್ಲ ಎಳೆದು ತಂದು ಮಾತು ತಪ್ಪಿಸಿದಳು.

ಅಪ್ಪ ಕೆಲಸಕ್ಕೆ ಮರಳಿದ, ಹಿಡಿಕೆಯನ್ನೂ ಮುಟ್ಟಿದ. ಆದರೆ ಒಂದು ಬದಲಾವಣೆ. ಲೈನು ಬಿದ್ದರೆ ಎರಡು ನಿಮಿಷಕ್ಕೆ ತಳ್ಳುವುದನ್ನು ನಿಲ್ಲಿಸಿದ. ಮೊದಲು ಫೋನು, ಲೈನ್‌ಮ್ಯಾನು ನೋಡಿಬಂದು ಸರಿ ಎಂದ ಮೇಲೆ ಹಿಡಿಕೆ. ಕರೆಂಟು ತಡವಾಗುತ್ತಿದೆ ಎಂದು ಮೇಲಿನವರು ಬೈದು ಕಾಗದ ಬರೆದರು. ಅಪ್ಪ ಓದಿ ಮಡಿಸಿ ಇಟ್ಟ. ಒಂದು ಸಲ ಗಾಳಿಮಳೆಯಲ್ಲಿ ಲೈನು ಬಿತ್ತು, ಫೋನಿಗೆ ಉತ್ತರವಿಲ್ಲ. ಅಪ್ಪ ಹಿಡಿಕೆ ಮುಟ್ಟದೆ ಒಂದು ಗಂಟೆ ಕೂತ. ಸಾಹೇಬರು ಆ ಹೊತ್ತಿನಲ್ಲಿ ಯಾರಿಗೂ ಹೇಳದೆ ಕಂಬ ಹತ್ತಿ ತಂತಿಯ ಮೇಲೆ ಬಿದ್ದ ಕೊಂಬೆ ಬಿಡಿಸುತ್ತಿದ್ದರು. ಇಳಿದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡು ನಿಂತರಂತೆ. ಆ ಲೆಕ್ಕದಲ್ಲಿ ಸಾಹೇಬರ ಜೀವ ಉಳಿದದ್ದು ಹೆಸರು ತಿಳಿಯದ ಆ ಹುಡುಗನಿಂದ. ಅವನಿಗೂ ನಾವು ಋಣಿಗಳು.

ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರಿಗೆ ಎಡೆ ಇಡುವಾಗ ಅವ್ವ ಅವನಿಗೂ ಇಡತೊಡಗಿದಳು. ಏನು ಬಡಿಸುವುದೆಂಬುದೇ ದೊಡ್ಡ ತಕರಾರು. ಯಾವ ಜಾತಿಯೋ, ಯಾವ ಸೀಮೆಯೋ. ಕೊನೆಗೆ ಅವ್ವ ಅವನೊಬ್ಬನಿಗೆ ಎರಡು ಎಲೆ ಹಾಕಿದಳು, ಒಂದರಲ್ಲಿ ಬಾಡು, ಇನ್ನೊಂದರಲ್ಲಿ ಒಬ್ಬಟ್ಟು. "ಯಾವ್ದು ಸೇರ್ತದೋ ತಿನ್ಕೊಂಡ್ ಓಗ್ಲಿ" ಎಂದಳು. ಆ ಎರಡು ಎಲೆಗಳನ್ನು ಪ್ರತಿವರ್ಷ ತಮ್ಮ ತೋಟದಿಂದ ಕೊಯ್ದು ತಂದುಕೊಡುತ್ತಿದ್ದವರು ಸಾಹೇಬರು.

ಆ ಹೆಂಗಸು ಸಂತೆಗೆ ಬಂದಾಗಲೆಲ್ಲ ಮನೆಗೆ ಬರುತ್ತಿದ್ದಳು. ನಾನು ಮದ್ದೂರಿಗೆ ಹೋದ ಮೇಲೂ ಅವಳು ಬಂದದ್ದು, ಉಂಡದ್ದು, ಮಗು ಎಷ್ಟುದ್ದ ಬೆಳೆಯಿತೆಂದು ಕೇಳಿದ್ದು ಎಲ್ಲವನ್ನೂ ಅಪ್ಪ ಕಾಗದದಲ್ಲಿ ಬರೆಯುತ್ತಿದ್ದ. ಅವಳು ವಿಮಾನದ ಮಾತನ್ನು ಮತ್ತೆ ಎತ್ತಲಿಲ್ಲ. ಅಪ್ಪನೂ ಕೇಳಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನಾನು ತವರಿನಲ್ಲಿದ್ದಾಗ, ಅವಳು ಜ್ವರದಲ್ಲಿ ತೀರಿಕೊಂಡಳೆಂದು ಸಾಹೇಬರು ಹೇಳಿಕಳಿಸಿದರು. ಅಪ್ಪ, ನಾನು, ನಾಲ್ಕು ವರ್ಷದ ನನ್ನ ಮಗ, ಮೂವರೂ ಕಿರುಗಾವಲು ಬಸ್ಸು ಹತ್ತಿ ಹೋದೆವು. ಮಣ್ಣು ಆಗಿಹೋಗಿತ್ತು. ಅವಳ ಸೊಸೆಯನ್ನು ಮಾತಾಡಿಸಿ ಹೊರಟೆವು. ಬಸ್ಸಿನ ದಾರಿಗೆ ಬರುವಾಗ ಬಲಗಡೆ ಆ ಹುರುಳಿ ಹೊಲ. ಅಪ್ಪ ಬದುವಿನ ಮೇಲೆ ಕೂತ. ಮಗ ಬಸ್ಸು ಬಂತೇ ಎಂದು ನೋಡಲು ಓಡಿದ.

ಇನ್ನಾದರೂ ಹೇಳಿಬಿಡಲೇ ಎಂದು ನನಗೆ ಅನ್ನಿಸಿತು. ಅವಳೂ ಇಲ್ಲ. ಅಪ್ಪನೂ ಗಟ್ಟಿಯಾಗಿದ್ದಾನೆ. ಬಾಯಿ ತೆರೆಯುವಷ್ಟರಲ್ಲಿ ಅವನೇ ಶುರುಮಾಡಿದ.

"ಅವತ್ತು ಅವಳು ಏಳಿದ್ದು ಸುಳ್ಳು ಕಣಮ್ಮ."

ನಾನೂ ಬದುವಿನ ಮೇಲೆ ಕೂತೆ.

"ತಂತಿ ಅವನ ಎದೆ ಮ್ಯಾಲಿತ್ತು. ನಾನು ಕರೆಂಟ್ ಬುಟ್ಟಾಗ ಅವನ ತಲೆ ಇವಳ ತೊಡೆ ಮ್ಯಾಲಿದ್ದಿದ್ರೆ, ಇವಳೂ ಅಲ್ಲೇ ಸುಟ್ಟೋಗ್ತಿದ್ಲು. ಅದಕ್ಕೇ ನಾನು ಕೇಳಿದ್ದು, ತೊಡೆ ಮ್ಯಾಲೇ ಇತ್ತಾ ಅಂತ. ಊಂ ಅಂದ್ಲು. ಪಾಪ, ಕರೆಂಟ್ ಅಂದ್ರೆ ಏನು ಅಂತ ಅವಳಿಗೇನು ಗೊತ್ತು."

"ಅವತ್ತೇ ಗೊತ್ತಿತ್ತಾ ನಿಂಗೆ? ಮತ್ಯಾಕೆ ಸುಮ್ಕಿದ್ದೆ?"

ಅಪ್ಪ ಹೊಲದ ಕಡೆ ನೋಡುತ್ತಾ ಹೇಳಿದ. "ಆ ಉಡ್ಗನ್ನ ನಾನೇ ಕೊಂದ್ನೋ ಏನೋ, ಇವತ್ಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಆದ್ರೆ ಇವಳು ಎದ್ರಿಗೆ ಕೂತು ತೊಡೆ ತಟ್ಟಿ ತಟ್ಟಿ ಏಳ್ತಿದ್ಲಲ್ಲ, ಆಗ ನಂಗನ್ಸಿದ್ದು ಒಂದೇಯ. ಸದ್ಯ, ಇವಳು ಅವನ ಅತ್ರ ಓಗ್ಲಿಲ್ಲವಲ್ಲ. ಓಗಿದ್ರೆ ಇವಳ್ನೂ ನಾನೇ ಕೊಂದಿರ್ತಿದ್ದೆ. ಬದುಕಿದ್ಲು, ಐದು ಮೈಲಿ ನಡ್ಕೊಂಡ್ ಬಂದು ನನ್ ಮುಂದೆ ಸುಳ್ಳೇಳೋ ಅಂಗೆ ಬದುಕಿದ್ಲು. ಅಷ್ಟು ಸಾಕಾಯ್ತು ನಂಗೆ. ಅಸಿವಾಯ್ತು."

ದೂರದಲ್ಲಿ ಮಗ ಬಸ್ಸು ಬಸ್ಸು ಎಂದು ಕೂಗುತ್ತಿದ್ದ. ಅಪ್ಪ ಪಂಚೆ ಕೊಡವಿಕೊಂಡು ಎದ್ದ. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿದ.

"ನಿಮ್ಮವ್ವಂಗೆ ಏಳ್ಬ್ಯಾಡ ಇದ್ನ" ಎಂದ. "ಅವಳು ಅದನ್ನೇ ನಂಬ್ಕೊಂಡವ್ಳೆ. ಗೊತ್ತಾದ್ರೆ ತಡಕಳಲ್ಲ."

"ಇಲ್ಲ, ಏಳಲ್ಲ" ಎಂದೆ. ಅವರಿಬ್ಬರೂ ಇರುವಷ್ಟು ದಿನವೂ, ಆ ಕಡೆಯ ಮಾತನ್ನು ಈ ಕಡೆ, ಈ ಕಡೆಯ ಮಾತನ್ನು ಆ ಕಡೆ, ನಾನು ಹೇಳಲಿಲ್ಲ.